ಕೆಜಿಎಫ್‌ನ ನೆಲದಡಿಯನ್ನು ಮ್ಯೂಆನ್‌ಗಳಿಂದ ನೋಡಬಾರದೇಕೆ?

ಮಾನ್ಯರೇ,

ಈಜಿಪ್ಟಿನ ಖುಫು ಪಿರಮಿಡ್ಡಿನೊಳಗೆ ಕನಿಷ್ಠ 30 ಮೀಟರ್ ಉದ್ದದ ಪೊಳ್ಳು ಇದೆಯೆಂದು 2017ರಲ್ಲಿ, ಉತ್ತರ ಮುಖದ ಹಿಂದೆ ಸುಮಾರು 9 ಮೀಟರ್ ಉದ್ದದ ಓಣಿ ಇದೆಯೆಂದು 2023ರಲ್ಲಿ ವಿಜ್ಞಾನಿಗಳು ತಿಳಿಸಿದಾಗ, ಅದನ್ನು ಪಿರಮಿಡ್ಡಿನ ಎಕ್ಸ್‌ರೇ ಎಂದು ಬಣ್ಣಿಸಿದವರು ಬಹಳ. ಅಲ್ಲಿ ಯಾವ ಯಂತ್ರವೂ ಎಕ್ಸ್‌ರೇ ಹಾಯಿಸಿರಲಿಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಕಣಗಳು ಹಗಲಿರುಳೂ ಸುರಿಯುತ್ತಿರುತ್ತವೆ; ಬಯಲಲ್ಲಿ ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದೆರಡು ಅದನ್ನು ತೂರಿ ಹೋಗುತ್ತವೆ. ಕಲ್ಲು ದಪ್ಪವಿದ್ದಷ್ಟೂ ಕೆಳಗೆ ತಲುಪುವ ಕಣಗಳು ಕಡಿಮೆ, ನಡುವೆ ಪೊಳ್ಳಿದ್ದ ದಿಕ್ಕಿನಿಂದ ಬರುವವು ಹೆಚ್ಚು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಪಿರಮಿಡ್ಡಿನೊಳಗೆ ರಾಣಿಯ ಕೋಣೆಯೆಂದು ಕರೆಯುವ ಜಾಗದಲ್ಲಿ ವಿಶೇಷ ಫಿಲ್ಮುಗಳನ್ನು ಇರಿಸಿ, ತಿಂಗಳುಗಟ್ಟಲೆ ಕಾದು, ಅವುಗಳ ಮೇಲೆ ಮೂಡಿದ ಜಾಡುಗಳನ್ನು ಎಣಿಸಿದರು.

ನಮ್ಮವರು ಮರೆತಿರುವ ಸಂಗತಿಯೆಂದರೆ, ಎಷ್ಟು ಬಂಡೆ ದಾಟಿ ಎಷ್ಟು ಮ್ಯೂಆನ್ ಉಳಿಯುತ್ತವೆ ಎಂಬ ಲೆಕ್ಕವನ್ನು ಜಗತ್ತಿಗೆ ಕೊಟ್ಟ ಸ್ಥಳಗಳಲ್ಲಿ ಕೋಲಾರದ ಚಿನ್ನದ ಗಣಿಯೂ ಒಂದು. 1950ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಮತ್ತು ಸಂಗಡಿಗರು ಶೋಧಕಗಳನ್ನು ಗಣಿಯೊಳಗೆ ಇಳಿಸಿ, ಬೇರೆಬೇರೆ ಆಳಗಳಲ್ಲಿ ಈ ಕಣಗಳನ್ನು ಎಣಿಸಿದರು. ಮುಂದೆ ಅದೇ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿ ಎಂಥ ಬಂಡೆಯನ್ನೂ ದಾಟಬಲ್ಲ ನ್ಯೂಟ್ರಿನೊ ಕಣಗಳ ಸುಳಿವು ದೊರೆತದ್ದು ಮ್ಯೂಆನ್‌ಗಳು ಅಲ್ಲಿ ತೀರಾ ವಿರಳವಾಗಿದ್ದುದರಿಂದಲೇ.

ಗಣಿ 2001ರಲ್ಲಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಹಾಗಿದ್ದೂ ಆ ಊರಿನ ನೆಲಕ್ಕೆ ಹತ್ತಿರವಿರುವ ಹಳೆಯ ಪೊಳ್ಳುಗಳನ್ನು ಹುಡುಕಲು ಈ ವಿಧಾನ ಒದಗಬಹುದೆಂದು ನನ್ನ ನಂಬಿಕೆ. ಅಲ್ಲಿನ ಬಂಡೆಯ ಸಾಂದ್ರತೆ ನೀರಿನ ಸುಮಾರು ಮೂರು ಪಟ್ಟು, ಆದ್ದರಿಂದ ನೀರು ತುಂಬಿದ ಜಾಗವೂ ಎಣಿಕೆಯಲ್ಲಿ ಬೇರೆಯಾಗಿಯೇ ಕಾಣಬೇಕು. ತೊಡಕು ಇಲ್ಲವೆಂದಲ್ಲ. ಮ್ಯೂಆನ್‌ಗಳು ಮೇಲಿನಿಂದಷ್ಟೇ ಬರುವುದರಿಂದ ಶೋಧಕವು ಪೊಳ್ಳಿಗಿಂತ ಕೆಳಗಿರಬೇಕು, ಅಂದರೆ ಬೋರ್‌ವೆಲ್ ಕೊರೆದು ಅದರೊಳಗೆ ಇಳಿಸಬೇಕು. ಆಳ ಹೆಚ್ಚಿದಂತೆ ಕಾಯುವ ಕಾಲವೂ ಬೆಳೆಯುತ್ತದೆ. ಇದು ಒಂದೆರಡು ದಿನದಲ್ಲಿ ಮುಗಿಯುವ ಸಮೀಕ್ಷೆಯಲ್ಲ.

ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯು ಭೌತವಿಜ್ಞಾನಿಗಳೊಡನೆ ಕೂಡಿ, ಹಳೆಯ ನಕ್ಷೆಯಲ್ಲಿ ಸುರಂಗದ ಜಾಗ ಖಚಿತವಾಗಿ ಗೊತ್ತಿರುವ ಒಂದೇ ಒಂದು ಕಡೆ ಮೊದಲು ಇದನ್ನು ಪರೀಕ್ಷಿಸಲಿ. ಎಣಿಕೆ ನಕ್ಷೆಯೊಡನೆ ತಾಳೆಯಾದರೆ, ನಕ್ಷೆಯಿಲ್ಲದ ಜಾಗಗಳಿಗೆ ಹೋಗಬಹುದು.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಕೋಲಾರ