ಇನ್ನು ಮುಂದೆ ತೂಕ ನೋಡದೆ ಟ್ರೇಲರ್ ಕಳಿಸುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ನೇರವಾಗಿ ವಿಷಯಕ್ಕೆ ಬರುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕ್ಯಾಂಪಿಂಗ್‌ಗೆ ಹೊರಡುವ ಮುಂಚಿನ ತಯಾರಿ ಕೆಲಸವನ್ನು ನಾವು ಒಂದೇ ದಿನದಲ್ಲಿ ಮಾಡಿ ಕೊಡುವುದಿಲ್ಲ. ನೀವು ಎರಡು ಸಲ ಬರಬೇಕಾಗುತ್ತದೆ. ಮೊದಲ ಸಲ, ಹೊರಡುವ ದಿನಕ್ಕೆ ಒಂದು ವಾರ ಇರುವಾಗ, ಖಾಲಿ ಟ್ರೇಲರ್ ತಂದು ಬಿಡಿ. ಚಕ್ರ, ಬೇರಿಂಗ್, ಬ್ರೇಕು, ಲೈಟು, ಗ್ಯಾಸ್ ಪೈಪು ಎಲ್ಲ ಆಗ ನೋಡುತ್ತೇವೆ. ಎರಡನೇ ಸಲ, ಹೊರಡುವ ಹಿಂದಿನ ದಿನ, ಸಾಮಾನು ತುಂಬಿದ ಟ್ರೇಲರನ್ನು ಅದನ್ನು ಎಳೆಯುವ ಕಾರಿನ ಜೊತೆಗೇ ತನ್ನಿ. ಎರಡನ್ನೂ ತೂಗುತ್ತೇವೆ. ತೂಕ ಸರಿ ಇದ್ದರೆ ಮಾತ್ರ ನಮ್ಮ ಸಹಿ ಹಾಕಿದ ಚೀಟಿ ಸಿಗುತ್ತದೆ. ತೂಕದ ಕೆಲಸಕ್ಕೆ ಬೇರೆ ಚಾರ್ಜು ಇದೆ.

ಎರಡು ಸಲ ಓಡಾಡುವುದು ಕಷ್ಟ ಅಂತ ಗೊತ್ತು. ರಜೆ ಸಿಗುವುದೇ ಅಪರೂಪ, ಹೊರಡುವ ವಾರ ಮನೆಯಲ್ಲಿ ನೂರು ಕೆಲಸ ಇರುತ್ತದೆ. ಅದರ ಮೇಲೆ ನಾವು ಇನ್ನೊಂದನ್ನು ಸೇರಿಸುತ್ತಿದ್ದೇವೆ. ಈ ತೊಂದರೆಗೆ ಕ್ಷಮೆ ಇರಲಿ. ಆದರೆ ಬದಲಾವಣೆ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಅದು ಯಾಕೆ ಅಂತ ಪೂರ್ತಿ ಹೇಳದೆ ಬಿಟ್ಟರೆ ನಿಮಗೂ ಸಮಾಧಾನ ಆಗುವುದಿಲ್ಲ, ನಮಗೂ ಆಗುವುದಿಲ್ಲ.

ಮೊದಲು ಬಿಲ್ಲಿನ ಮಾತು. ಕಳೆದ ಕೆಲವು ತಿಂಗಳಿಂದ ಒಂದು ಮಾತು ನಮ್ಮ ಕಿವಿಗೆ ಬೀಳುತ್ತಲೇ ಇದೆ: "ಚೆನ್ನಾಗಿರೋ ಟೈರನ್ನೇ ಬದಲಾಯಿಸು ಅಂತಾರೆ, ಬಿಲ್ ಏರಿಸೋಕೆ." ಇದು ನಿಜಕ್ಕೂ ನೋವು ತರುತ್ತದೆ. ಟೈರು ಮಾರುವುದರಿಂದ ನಮಗೆ ಸಿಗುವುದು ತುಂಬಾ ಕಡಿಮೆ. ನೀವು ಟೈರನ್ನು ಬೇರೆ ಕಡೆ ತಂದರೂ ನಾವು ಹಾಕಿ ಕೊಡುತ್ತೇವೆ, ಇದು ನಿಮಗೆ ಗೊತ್ತೇ ಇದೆ. ಕಾರಿನ ಟೈರು ಓಡಿ ಓಡಿ ಸವೆಯುತ್ತದೆ. ಟ್ರೇಲರಿನ ಟೈರು ನಿಂತು ನಿಂತು ಹಾಳಾಗುತ್ತದೆ. ವರ್ಷದಲ್ಲಿ ಬಹುಪಾಲು ಅದು ಬಿಸಿಲಲ್ಲಿ, ಒಂದೇ ಜಾಗದಲ್ಲಿ, ಇಡೀ ಭಾರ ಹೊತ್ತು ನಿಂತಿರುತ್ತದೆ. ಹಾಗಾಗಿ ಮೇಲಿನ ಗೆರೆ ಹೊಸದರಂತೆ ಕಾಣುವಾಗಲೇ ಒಳಗಿನ ರಬ್ಬರು ಸತ್ತಿರಬಹುದು.

ನೀವೇ ನೋಡಬಹುದು. ಟೈರಿನ ಪಕ್ಕದಲ್ಲಿ ಡಾಟ್ (DOT) ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯಲ್ಲಿ ನಾಲ್ಕು ಅಂಕಿ. 2317 ಅಂತ ಇದ್ದರೆ 2017ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಅಂಕಿ ಹೊರಗಡೆ ಕಾಣದಿದ್ದರೆ ಕೆಳಗೆ ಬಗ್ಗಿ ಒಳಮೈ ನೋಡಿ. ಆಮೇಲೆ ಗೋಡೆಯ ಭಾಗವನ್ನು ಹೆಬ್ಬೆರಳಿಂದ ಒತ್ತಿ, ಒಂದು ಟಾರ್ಚು ಹಿಡಿಯಿರಿ. ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟುಕೊಳ್ಳುವುದು ಕಾಣುತ್ತದೆ. ಅಂಥ ಟೈರು ಊರೊಳಗೆ ಏನೂ ತೋರಿಸುವುದಿಲ್ಲ. ಹೆದ್ದಾರಿಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ತುಂಬಿದ ಭಾರದ ಜೊತೆ ಎರಡು ಗಂಟೆ ಓಡಿದ ಮೇಲೆ ಸಿಡಿಯುತ್ತದೆ. ಸಿಡಿದ ಟೈರು ಸುಮ್ನೆ ಗಾಳಿ ಬಿಟ್ಟು ಕೂರುವುದಿಲ್ಲ, ಚಕ್ರದ ಮೇಲಿನ ತಗಡನ್ನು, ಒಳಗಿನ ವೈರನ್ನು, ಕೆಲವೊಮ್ಮೆ ಗ್ಯಾಸ್ ಪೈಪನ್ನೂ ಕಿತ್ತುಕೊಂಡು ಹೋಗುತ್ತದೆ. ಐದಾರು ವರ್ಷ ದಾಟಿದ ಟ್ರೇಲರ್ ಟೈರನ್ನು ಗೆರೆ ಎಷ್ಟೇ ಇರಲಿ ಬದಲಾಯಿಸಿ ಅಂತ ನಾವು ಹೇಳುವುದು ಇದಕ್ಕೇ. ಸ್ಟೆಪ್ನಿಗೂ ಇದೇ ಲೆಕ್ಕ.

ಬೇರಿಂಗ್ ವಿಷಯದಲ್ಲೂ ಹಾಗೇ. "ಹೋದ ವರ್ಷ ತಾನೇ ಗ್ರೀಸ್ ಹಾಕಿದ್ರಿ, ಟ್ರೇಲರ್ ಎಲ್ಲೂ ಹೋಗಿಲ್ಲ" ಅಂತ ಕೇಳುತ್ತೀರಿ. ವರ್ಷಕ್ಕೊಮ್ಮೆ, ಇಲ್ಲವೇ ಸುಮಾರು 19,000 ಕಿಲೋಮೀಟರಿಗೊಮ್ಮೆ, ಯಾವುದು ಮೊದಲೋ ಆಗ ಬೇರಿಂಗ್ ಬಿಚ್ಚಬೇಕು ಅನ್ನುವುದು ಈ ಕೆಲಸದಲ್ಲಿ ಸಾಮಾನ್ಯ ಲೆಕ್ಕ. ಕಿಲೋಮೀಟರ್ ಆಗಿಲ್ಲ ಅಂತ ವರ್ಷದ ಲೆಕ್ಕ ಬಿಡುವ ಹಾಗಿಲ್ಲ. ಚಕ್ರದ ನಡುವಿನ ಹಬ್ಬಿನ ಮುಚ್ಚಳ ತೆಗೆದಾಗ ಗ್ರೀಸು ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಂಡರೆ ಒಳಗೆ ನೀರು ಹೋಗಿದೆ ಅಂತಲೇ ಅರ್ಥ. ಮಳೆಯಲ್ಲಿ ನಿಂತಿದ್ದಕ್ಕೋ, ಬಿಸಿಯಾದ ಹಬ್ಬು ನೀರಿಗಿಳಿದದ್ದಕ್ಕೋ ಹೀಗಾಗುತ್ತದೆ. ಆ ಗ್ರೀಸಿನಲ್ಲಿ ಉರುಳೆಗಳು ಒಂದೆರಡು ತಿಂಗಳಲ್ಲೇ ತುಕ್ಕು ಹಿಡಿಯುತ್ತವೆ. ಎರಡು ಚಕ್ರ ಬಿಚ್ಚಿ, ಹಳೇ ಗ್ರೀಸನ್ನು ಪೂರ್ತಿ ತೊಳೆದು, ಒಂದೊಂದು ಉರುಳೆಯನ್ನೂ ಬೆಳಕಿಗೆ ಹಿಡಿದು ನೋಡಿ, ಹೊಸ ಸೀಲು ಹಾಕಿ, ಬಿಗಿ ಸರಿ ಮಾಡುವಷ್ಟರಲ್ಲಿ ಒಬ್ಬನಿಗೆ ಅರ್ಧ ದಿನ ಹೋಗುತ್ತದೆ. ಬಿಲ್ಲಿನಲ್ಲಿ ಅದು ಒಂದೇ ಒಂದು ಸಾಲು. ಓದುವವರಿಗೆ ಅದು ಜಾಸ್ತಿ ಅನ್ನಿಸುವುದು ಸಹಜ, ಆದರೆ ಆ ಸಾಲಿನ ಹಿಂದೆ ಇಷ್ಟು ಕೆಲಸ ಇದೆ. ಗ್ರೀಸು, ಸೀಲುಗಳ ಬೆಲೆ ಏರಿದ್ದು ನಮ್ಮಿಂದ ಅಲ್ಲ. ನಮ್ಮ ಮೆಕ್ಯಾನಿಕ್‌ಗಳಿಗೆ ಒಳ್ಳೆಯ ಸಂಬಳ ಕೊಡುವುದು ಮಾತ್ರ ನಮ್ಮ ತೀರ್ಮಾನ, ಅದನ್ನು ಕಡಿಮೆ ಮಾಡುವುದಿಲ್ಲ.

ಈಗ ತೂಕ. ನಿಮ್ಮಲ್ಲಿ ಬಹಳ ಜನ ಕೇಳಿದ ಪ್ರಶ್ನೆ ಒಂದೇ: "ನನ್ನ ಕಾರಿನ ಪುಸ್ತಕದಲ್ಲಿ 1,500 ಕೆ.ಜಿ. ಎಳೆಯಬಹುದು ಅಂತ ಬರೆದಿದೆ. ನನ್ನ ಟ್ರೇಲರ್ ಅಷ್ಟಿಲ್ಲ. ಮತ್ತೆ ನಿಮಗೇನು ತೊಂದರೆ?" ನ್ಯಾಯವಾದ ಪ್ರಶ್ನೆ. ಕೌಂಟರಿನಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿದರೆ ತಪ್ಪು ತಿಳಿವಳಿಕೆ ಆಗುತ್ತದೆ, ಅದಕ್ಕೆ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಎಳೆಯುವುದು ಒಂದು, ಹೊರುವುದು ಇನ್ನೊಂದು. ಟ್ರೇಲರ್ ತನ್ನ ಭಾರವನ್ನೆಲ್ಲ ತನ್ನ ಚಕ್ರದ ಮೇಲೇ ಹಾಕುವುದಿಲ್ಲ. ಒಂದು ಪಾಲು ಟ್ರೇಲರಿನ ಮುಂದೆ ಚಾಚಿಕೊಂಡಿರುವ ಮೂಕಿಯ ಮೂಲಕ ಕಾರಿನ ಹಿಂದಿನ ಕೊಂಡಿ, ಅಂದರೆ ಹಿಚ್ ಮೇಲೆ ಕೂರುತ್ತದೆ. ಇದನ್ನೇ ನಾವು ಮೂಕಿ ಭಾರ ಅನ್ನುತ್ತೇವೆ. ಅಮೆರಿಕದ ಲೆಕ್ಕದಲ್ಲಿ ಅದು ತುಂಬಿದ ಟ್ರೇಲರಿನ ತೂಕದ ನೂರಕ್ಕೆ 10ರಿಂದ 15 ಇರಬೇಕು. ಯುರೋಪಿನ ಟ್ರೇಲರುಗಳಲ್ಲಿ ಇದಕ್ಕಿಂತ ಕಡಿಮೆ. ಹಿಚ್ಚಿಗೂ ಕಾರಿಗೂ ತಯಾರಕರು ಬರೆದಿರುವ ಮಿತಿಯೇ ಕೊನೆಯ ಮಾತು, ಅದನ್ನು ಯಾವ ಲೆಕ್ಕವೂ ದಾಟಬಾರದು. ಆ ಮೂಕಿ ಭಾರ ಕಾರಿನೊಳಗಿನ ಜನ ಮತ್ತು ಸಾಮಾನಿನ ಜೊತೆಗೇ ಕಾರಿನ ಮೇಲೆ ಬೀಳುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಖಾಲಿ ಟ್ರೇಲರ್ 850 ಕೆ.ಜಿ. ನೀರಿನ ಟ್ಯಾಂಕಿನಲ್ಲಿ 75 ಲೀಟರ್, ಅಂದರೆ 75 ಕೆ.ಜಿ. 9 ಕೆ.ಜಿ. ಗ್ಯಾಸ್ ಹಿಡಿಯುವ ಎರಡು ಸಿಲಿಂಡರ್, ಸಿಲಿಂಡರಿನ ತೂಕವೂ ಸೇರಿ ಸುಮಾರು 34. ಬ್ಯಾಟರಿ 23. ಟೆಂಟು, ಕುರ್ಚಿ, ಪಾತ್ರೆ, ಹಾಸಿಗೆ, ಟೂಲ್ಸು, ಮಕ್ಕಳ ಸೈಕಲ್ಲು ಎಲ್ಲ ಸೇರಿ 160 ಅಂತ ಇಟ್ಟುಕೊಳ್ಳಿ. ಒಟ್ಟು 1,142. ಟ್ರೇಲರಿನ ಗರಿಷ್ಠ ಮಿತಿ 1,200 ಇದ್ದರೆ ಇದು ಅದರೊಳಗೇ ಇದೆ, 1,500ಕ್ಕಂತೂ ತುಂಬಾ ದೂರ. ಇಲ್ಲಿವರೆಗೆ ನೀವು ಹೇಳಿದ್ದೇ ಸರಿ.

ಈಗ ಕಾರಿನ ಕಡೆ ಬನ್ನಿ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲೋ ಪುಸ್ತಕದಲ್ಲೋ ಕಾರು ಎಷ್ಟು ಹೊರಬಹುದು ಅಂತ ಇರುತ್ತದೆ. ಇಲ್ಲದಿದ್ದರೆ ಗರಿಷ್ಠ ಒಟ್ಟು ತೂಕದಲ್ಲಿ ಕಾರಿನದೇ ತೂಕ ಕಳೆಯಿರಿ. ಅದು 420 ಕೆ.ಜಿ. ಅಂತ ಇಟ್ಟುಕೊಳ್ಳಿ. ಇಬ್ಬರು ದೊಡ್ಡವರು, ಮೂವರು ಮಕ್ಕಳು, ಒಟ್ಟು 250. ಡಿಕ್ಕಿಯಲ್ಲಿ 60 ಕೆ.ಜಿ. ಸಾಮಾನು. ಹಿಚ್ ಸಾಮಗ್ರಿ 20. ಇಷ್ಟಕ್ಕೇ 330 ಆಯಿತು. ಟ್ರೇಲರಿನ ಮೂಕಿ ಭಾರ ನೂರಕ್ಕೆ 12ರಂತೆ 137. ಸೇರಿಸಿ: 467. ಎಳೆಯುವ ಮಿತಿಯಲ್ಲಿ ಮುನ್ನೂರಕ್ಕೂ ಹೆಚ್ಚು ಕೆ.ಜಿ. ಉಳಿದಿದ್ದರೂ ಹೊರುವ ಮಿತಿ 47 ಕೆ.ಜಿ. ದಾಟಿ ಹೋಯಿತು. ಪುಸ್ತಕದ ಮೊದಲ ಪುಟದಲ್ಲಿ ಕಾಣುವುದು 1,500 ಮಾತ್ರ, ಈ ಲೆಕ್ಕ ಅಲ್ಲಿ ಕಾಣುವುದಿಲ್ಲ.

ದಾಟಿದರೆ ಏನಾಗುತ್ತದೆ? ಕಾರಿನ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾದರೆ ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕಿನ ಹಿಡಿತ ತಗ್ಗುತ್ತದೆ. ರಾತ್ರಿ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಾಗಂತ ಮೂಕಿ ಭಾರ ಇಳಿಸೋಣ ಅಂತ ಸಾಮಾನನ್ನೆಲ್ಲ ಟ್ರೇಲರಿನ ಹಿಂದಕ್ಕೆ ತಳ್ಳಿದರೆ ಅದು ಇನ್ನೂ ಕೆಟ್ಟದ್ದು. ಮೂಕಿ ಹಗುರಾದ ಟ್ರೇಲರ್ ಗಾಳಿಗೋ, ಪಕ್ಕದಲ್ಲಿ ಹಾದುಹೋದ ಲಾರಿಗೋ ಅಡ್ಡಡ್ಡ ತೂಗಾಡಲು ಶುರು ಮಾಡುತ್ತದೆ, ವೇಗ ಹೆಚ್ಚಾದಷ್ಟೂ ತೂಗಾಟ ಹೆಚ್ಚುತ್ತದೆ. ಒಂದು ಹಂತ ದಾಟಿದ ಮೇಲೆ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಭಾರದಲ್ಲಿ ನೂರಕ್ಕೆ 60ರಷ್ಟು ಆಕ್ಸಲಿನ, ಅಂದರೆ ಚಕ್ರಗಳನ್ನು ಕೂಡಿಸುವ ಅಚ್ಚಿನ, ಮುಂದೆ ಇರಬೇಕು ಅನ್ನುವುದು ಇದಕ್ಕೆ. ತೂಗಾಟ ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಕಾರಿನ ಬ್ರೇಕನ್ನು ಜೋರಾಗಿ ತುಳಿಯಬೇಡಿ. ಕೈಯಿಂದ ಹಾಕುವ ಬ್ರೇಕ್ ಕಂಟ್ರೋಲರ್ ಇದ್ದರೆ ಟ್ರೇಲರ್ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಿ.

ಆ ಉದಾಹರಣೆಯ ಮನೆಯವರಿಗೆ ನಾವು ಏನು ಹೇಳುತ್ತೇವೆ? ಕಾರು ಬದಲಾಯಿಸಿ ಅನ್ನುವುದಿಲ್ಲ. ಮಕ್ಕಳನ್ನು ಬಿಟ್ಟು ಹೋಗಿ ಅನ್ನುವುದೂ ಇಲ್ಲ. ಡಿಕ್ಕಿಯ 60 ಕೆ.ಜಿ.ಯನ್ನು ಟ್ರೇಲರಿನೊಳಗೆ ಸರಿಯಾಗಿ ಆಕ್ಸಲಿನ ಮೇಲೆ ಇಡಿಸುತ್ತೇವೆ. ನೀರಿನ ಟ್ಯಾಂಕು ಖಾಲಿ ಮಾಡಿಸುತ್ತೇವೆ, ನೀರನ್ನು ಕ್ಯಾಂಪಿನ ಹತ್ತಿರ ತುಂಬಿಕೊಳ್ಳಬಹುದು. ಟ್ಯಾಂಕು ಆಕ್ಸಲಿನ ಹತ್ತಿರವೇ ಇದ್ದರೆ ಮೂಕಿ ಭಾರ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಆಗ ಟ್ರೇಲರ್ 1,127, ಕಾರಿನ ಮೇಲಿನ ಭಾರ 407. ಎರಡೂ ಮಿತಿಯೊಳಗೆ. ಟ್ಯಾಂಕು ಆಕ್ಸಲಿನ ಹಿಂದೆ ಇದ್ದರೆ ಮಾತ್ರ ಹುಷಾರು: ಅದನ್ನು ಖಾಲಿ ಮಾಡಿದರೆ ಮೂಕಿ ಭಾರ ಏರುತ್ತದೆ, ಇಳಿಯುವುದಿಲ್ಲ. ಇದು ಕಣ್ಣಂದಾಜಿಗೆ ಸಿಗುವ ವಿಷಯ ಅಲ್ಲ. ತೂಕಕ್ಕೇ ಇಡಬೇಕು. ಈ ಕೆಲಸಕ್ಕಾಗಿಯೇ ಚಕ್ರದಡಿ ಇಡುವ ತೂಕದ ಪ್ಯಾಡುಗಳನ್ನು ತರಿಸಿದ್ದೇವೆ. ನೀವು ಕೊಡುವ ಬೇರೆ ಚಾರ್ಜು ಅವಕ್ಕೆ ಮತ್ತು ಒಬ್ಬನ ಸಮಯಕ್ಕೆ ಹೋಗುತ್ತದೆ.

ಭಾರ ಹಂಚುವ ಹಿಚ್ ಹಾಕಿಸಿದ್ದೇವೆ, ಮತ್ಯಾಕೆ ತೂಕ ಅಂತಲೂ ಕೆಲವರು ಕೇಳಿದ್ದಾರೆ. ಆ ಹಿಚ್ ಒಳ್ಳೆಯದೇ, ಭಾರವನ್ನು ಮುಂದಿನ ಚಕ್ರಕ್ಕೂ ಹಂಚುತ್ತದೆ. ಕಾರಿನ ಮಿತಿಯನ್ನು ಮಾತ್ರ ಅದು ಏರಿಸುವುದಿಲ್ಲ.

ಉಳಿದದ್ದು ಮೊದಲಿನಂತೆಯೇ. ಗ್ಯಾಸ್ ಸೋರಿಕೆ, ಚಾವಣಿಯ ಸೀಲು, ಇಂಡಿಕೇಟರ್, ಬ್ರೇಕ್ ಲೈಟು ಇವು ಹಳೇ ಚಾರ್ಜಿನಲ್ಲೇ ಬರುತ್ತವೆ. ಕಾರಿಗೂ ಟ್ರೇಲರಿಗೂ ನಡುವಿನ ಚೈನುಗಳನ್ನು ಕಪ್ಲರಿನ (ಹಿಚ್ಚಿಗೆ ಸಿಕ್ಕಿಸುವ ಮೂಕಿಯ ತುದಿ) ಕೆಳಗೆ ಅಡ್ಡಡ್ಡ ಹಾಕುವುದನ್ನು, ಬ್ರೇಕ್‌ಅವೇ ಸ್ವಿಚ್ಚಿನ (ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕನ್ನು ತಾನೇ ಹಾಕುವ ಸ್ವಿಚ್ಚು) ಕೇಬಲ್ಲನ್ನು ಚೈನಿಗಲ್ಲದೆ ಕಾರಿಗೇ ಬೇರೆಯಾಗಿ ಕಟ್ಟುವುದನ್ನು ಹೊಸಬರಿಗೆ ಕೈಯಾರೆ ಮಾಡಿಸಿಯೇ ಕಳಿಸುತ್ತೇವೆ. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 80 ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ನೋಡಲೇಬೇಕು. ರೆಂಚ್ ಇಲ್ಲದವರಿಗೆ ನಮ್ಮದನ್ನೇ ಕೊಟ್ಟು ಕಳಿಸುತ್ತೇವೆ, ಬಂದ ಮೇಲೆ ವಾಪಸ್ ಕೊಟ್ಟರಾಯಿತು. ಟೈರಿನ ಗಾಳಿಯನ್ನು ಹೊರಡುವ ಬೆಳಗ್ಗೆ, ಗಾಡಿ ಓಡುವ ಮುಂಚೆ, ನೀವೇ ಇನ್ನೊಮ್ಮೆ ನೋಡಿ.

ಈಗಾಗಲೇ ಬುಕ್ ಮಾಡಿದವರಿಗೆ ತೂಕದ ಚಾರ್ಜು ಇಲ್ಲ. ಎರಡನೇ ಸಲ ಬರಲು ಆಗಲೇ ಆಗದು ಅನ್ನುವವರು, ದೂರದಿಂದ ಬರುವವರು, ಒಬ್ಬರೇ ಓಡಾಡುವ ಹಿರಿಯರು ಮೊದಲೇ ಫೋನ್ ಮಾಡಿ. ತೂಕದ ಪ್ಯಾಡುಗಳನ್ನು ಎತ್ತಿಕೊಂಡು ನಾವೇ ನಿಮ್ಮ ಮನೆ ಹತ್ತಿರ ಬರುತ್ತೇವೆ. ತೂಕ ಜಾಸ್ತಿ ಬಂತು ಅಂತ ಯಾರನ್ನೂ ಗೇಟಿನಿಂದ ಹಾಗೇ ವಾಪಸ್ ಕಳಿಸುವುದಿಲ್ಲ. ಸಾಮಾನು ಇಳಿಸಿ ಮತ್ತೆ ಜೋಡಿಸಲು ನಮ್ಮ ಹುಡುಗರು ನಿಮ್ಮ ಜೊತೆ ನಿಲ್ಲುತ್ತಾರೆ, ಎಷ್ಟು ಹೊತ್ತಾದರೂ ಸರಿ. ಅದಕ್ಕೆ ಚಾರ್ಜು ಇಲ್ಲ.

ಬರುವಾಗ ಕಾರಿನ ಪುಸ್ತಕ, ಹಿಚ್ಚಿನ ಮೇಲೆ ಅಂಟಿಸಿದ ಚೀಟಿಯ ಫೋಟೋ, ಮತ್ತು ಕಾರಿನಲ್ಲಿ ಕೂರುವ ಎಲ್ಲರ ತೂಕ ಬರೆದ ಒಂದು ಹಾಳೆ ತನ್ನಿ. ನಾಯಿ ಬರುವುದಾದರೆ ಅದರ ತೂಕವನ್ನೂ ಸೇರಿಸಿ.

ನಿಮ್ಮ ವಿಶ್ವಾಸಿ,
ವರ್ಕ್‌ಶಾಪಿನ ಎಲ್ಲರ ಪರವಾಗಿ