ಕೆಸರನ್ನು ಹೊಲಕ್ಕೆ ಕೊಡುವ ಮುನ್ನ ಪರೀಕ್ಷಿಸಿ: ನಿವಾಸಿಗಳ ಮನವಿ

ಇವರಿಗೆ
ಮಾನ್ಯ ಆಯುಕ್ತರು, ನಗರಾಡಳಿತ ಕಚೇರಿ

ಇವರಿಂದ
ಕೊಳಚೆ ನೀರು ಶುದ್ಧೀಕರಣ ಘಟಕದ ಸುತ್ತಲಿನ ನಿವಾಸಿಗಳು ಮತ್ತು ರೈತರು

ವಿಷಯ: ಘಟಕದ ಕೆಸರಿನಲ್ಲಿರುವ ಸಾವಯವ ರಾಸಾಯನಿಕಗಳನ್ನು ಪರೀಕ್ಷಿಸುವವರೆಗೆ ಅದನ್ನು ಗೊಬ್ಬರವಾಗಿ ವಿತರಿಸದಿರುವಂತೆ ಕೋರಿ.

ಮಾನ್ಯರೇ,

ಘಟಕದಲ್ಲಿ ಒಣಗಿಸಿದ ಕೆಸರು ಟ್ರ್ಯಾಕ್ಟರ್‌ಗಳಲ್ಲಿ ಹೊಲಗಳಿಗೆ ಹೋಗುತ್ತಿದೆ. ಕೇಳಿ ಹಾಕಿಸಿಕೊಂಡವರು ನಮ್ಮಲ್ಲೂ ಹಲವರಿದ್ದೇವೆ. ಅದರ ಕಪ್ಪು ಹೆಂಟೆಯೊಂದನ್ನು ಕೈಯಲ್ಲಿ ಮುರಿದರೆ ಕೂದಲು, ಪ್ಲಾಸ್ಟಿಕ್ ಚೂರು, ಬಟ್ಟೆಯ ಎಳೆ ಸಿಗುತ್ತವೆ. ಇವನ್ನು ಹೆಕ್ಕಿ ಎಸೆಯಬಹುದು. ನಾವು ಹೆದರಿರುವುದು ಕಣ್ಣಿಗೆ ಬೀಳದ ವಸ್ತುಗಳಿಗೆ.

ರಶೀದಿಯ ಮೇಲೆ ‘ಸಾವಯವ ಗೊಬ್ಬರ’ ಎಂದು ಬರೆದಿರುತ್ತದೆ. ಆ ಪದವನ್ನು ನಂಬಿಯೇ ರೈತರು ಕೊಳ್ಳುತ್ತಾರೆ. ಆದರೆ ರಸಾಯನಶಾಸ್ತ್ರದಲ್ಲಿ ಸಾವಯವವೆಂದರೆ ಇಂಗಾಲದ ಸಂಯುಕ್ತ ಎಂದಷ್ಟೇ ಅರ್ಥ. ಕಸ ಸುಟ್ಟಾಗ ಹುಟ್ಟುವ ವಿಷ ಡಯಾಕ್ಸಿನ್ ಕೂಡ ಸಾವಯವವೇ. ನೀರಿನಲ್ಲಿ ಕರಗಲೊಲ್ಲದೆ ಜಿಡ್ಡಿಗೆ ಅಂಟುವ ಇಂಥ ರಾಸಾಯನಿಕಗಳು ಶುದ್ಧೀಕರಣದ ವೇಳೆ ನೀರನ್ನು ಬಿಟ್ಟು ಕೆಸರಿಗೆ ಸೇರುತ್ತವೆ. ಪ್ಲಾಸ್ಟಿಕ್ ಮೆದುಗೊಳಿಸುವ ಥ್ಯಾಲೇಟ್‌ಗಳು, ಸೋಪಿನಲ್ಲಿದ್ದ ಸೂಕ್ಷ್ಮಾಣುನಾಶಕ ಟ್ರೈಕ್ಲೋಸಾನ್, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿಗಳು, ಹೊಗೆಯ ಮಸಿಯಲ್ಲಿರುವ ಪಿಎಎಚ್‌ಗಳು ಎಲ್ಲಕ್ಕೂ ಅದೇ ನೆಲೆ. ಸಿಪ್ರೋಫ್ಲಾಕ್ಸಾಸಿನ್‌ನಂತಹ ಪ್ರತಿಜೀವಕಗಳೂ ಕೆಸರಿಗೆ ಬಲವಾಗಿ ಅಂಟಿಕೊಳ್ಳುತ್ತವೆ.

ಸಾರಜನಕ, ರಂಜಕ ಈ ಕೆಸರಿನಲ್ಲಿವೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಎಲ್ಲ ರಾಸಾಯನಿಕಗಳೂ ಒಂದೇ ಸಮನೆ ಅಪಾಯಕಾರಿ ಎಂದೂ ಹೇಳುತ್ತಿಲ್ಲ. ಬಟ್ಟೆ ಒಗೆಯುವ ಪುಡಿಯಲ್ಲಿನ ಎಲ್‌ಎಎಸ್ ಎಂಬ ಮಾರ್ಜಕ ಗಾಳಿಯಾಡುವ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ಬಹುಪಾಲು ಕೊಳೆತುಹೋಗುತ್ತದೆ. ಆದರೆ ಘಟಕದಲ್ಲಿ ಕೆಸರನ್ನು ಕೊಳೆಸುವ, ಗಾಳಿಯಿಲ್ಲದ ಡೈಜೆಸ್ಟರ್ ತೊಟ್ಟಿಯಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅದೇ ತೊಟ್ಟಿಯಲ್ಲಿ ಕೆಲವು ಮಾರ್ಜಕಗಳು ಒಡೆದು, ಜಲಚರಗಳ ಹಾರ್ಮೋನು ವ್ಯವಸ್ಥೆಯನ್ನು ಕದಡುವ ನೋನೈಲ್‌ಫಿನಾಲ್ ಆಗಿ ಬದಲಾಗುತ್ತವೆ. ಆದ್ದರಿಂದ ತೊಟ್ಟಿಯಿಂದ ತೆಗೆದ ಕೆಸರನ್ನು ಆಗಾಗ ಮಗುಚಿ, ಗಾಳಿಯಾಡಿಸಿ ಕಾಂಪೋಸ್ಟ್ ಮಾಡಿಸಿ. ಇಷ್ಟನ್ನು ನಾಳೆಯೇ ಆರಂಭಿಸಬಹುದು.

ಪಿಸಿಬಿ, ಡಯಾಕ್ಸಿನ್ ಮತ್ತು ನೀರು, ಎಣ್ಣೆ ಅಂಟದ ಲೇಪನಗಳಲ್ಲಿ ಬಳಸುವ ಪಿಎಫ್‌ಎಎಸ್‌ಗಳಿಗೆ ಮಾತ್ರ ಇದು ಮದ್ದಲ್ಲ. ಅವು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಮೇಯುವ ಹಸು ಹುಲ್ಲಿನ ಜೊತೆ ಮಣ್ಣನ್ನೂ ನುಂಗುತ್ತದೆ. ಡಯಾಕ್ಸಿನ್ ಅದರ ಹಾಲಿನ ಕೊಬ್ಬಿಗೆ ಇಳಿಯುತ್ತದೆ. ಪಿಎಫ್‌ಎಎಸ್ ಬಾವಿಯ ನೀರಿಗೂ ಬಸಿಯುತ್ತದೆ. ಇದೇ ಪಿಎಫ್‌ಎಎಸ್ ಗುಂಪಿನ ಪಿಎಫ್‌ಒಎ ಅಥವಾ ಪಿಎಫ್‌ಒಎಸ್ ಕೆಸರಿನಲ್ಲಿ ಶತಕೋಟಿಗೆ ಒಂದು ಭಾಗದಷ್ಟಿದ್ದರೂ, ಆ ಹೊಲದ ಹಾಲು, ಮಾಂಸ, ನೀರನ್ನೇ ನೆಚ್ಚಿದವರಿಗೆ ಅಪಾಯ ಮಿತಿ ಮೀರಬಹುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2025ರ ಕರಡು ವರದಿ ಹೇಳಿದೆ. ಅಲ್ಲಿನ ಮೇನ್ ರಾಜ್ಯ 2022ರಲ್ಲೇ ಕೆಸರನ್ನು ನೆಲಕ್ಕೆ ಹಾಕುವುದನ್ನು ನಿಷೇಧಿಸಿದೆ.

ಕಚೇರಿಯಿಂದ ನಮಗೆ ಸಿಕ್ಕ ಪರೀಕ್ಷಾ ವರದಿಯಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ, ನಿಕ್ಕಲ್‌ಗಳ ಅಳತೆಯಿದೆ. ಮೇಲೆ ಹೇಳಿದ ಒಂದು ರಾಸಾಯನಿಕದ ಹೆಸರೂ ಅದರಲ್ಲಿಲ್ಲ. ಕಾನೂನು ಲೋಹಗಳನ್ನಷ್ಟೇ ಕೇಳುತ್ತದೆ ಎಂಬ ಉತ್ತರ ಬಂತು. ಯುರೋಪಿನ 1986ರ ನಿರ್ದೇಶನ, ಅಮೆರಿಕದ 1993ರ ನಿಯಮ ಎರಡರಲ್ಲೂ ಲೋಹಗಳಿಗೆ ಮಿತಿಯಿದೆ, ಸಾವಯವ ರಾಸಾಯನಿಕಗಳಿಗಿಲ್ಲ ಎಂಬುದು ನಿಜ. ನಿಯಮದ ಆ ಕೊರತೆಯನ್ನು ನಮ್ಮ ಮಣ್ಣು ತುಂಬಬೇಕೇ?

ಆದ್ದರಿಂದ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಈ ರಾಸಾಯನಿಕಗಳ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಘಟಕದ ಗೇಟಿನಲ್ಲಿ ಎಲ್ಲರಿಗೂ ಅರ್ಥವಾಗುವಂತೆ ಪ್ರಕಟಿಸಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ವಿತರಣೆ ನಿಲ್ಲಬೇಕು. ಉಳಿದ ಕೆಸರನ್ನು ಬಯಲಿನಲ್ಲಿ ಸುಡಲೂಬಾರದು, ಅದರಿಂದ ಹೊಸ ಡಯಾಕ್ಸಿನ್ ಹುಟ್ಟುತ್ತದೆ. ಚರಂಡಿಗೆ ತ್ಯಾಜ್ಯ ಬಿಡುವ ಕಾರ್ಖಾನೆಗಳ ಪಟ್ಟಿಯನ್ನೂ, ಈಗಾಗಲೇ ಕೆಸರು ಬಿದ್ದಿರುವ ಹೊಲ ಮತ್ತು ಬಾವಿಗಳ ತಪಾಸಣೆಯ ದಿನಾಂಕವನ್ನೂ ಮುಂದಿನ ಬಿತ್ತನೆಗೆ ಮೊದಲು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ನಿವಾಸಿಗಳು ಮತ್ತು ರೈತರು

ಲಗತ್ತು: ಸಹಿಗಳ ಪಟ್ಟಿ, ಪರೀಕ್ಷಾ ವರದಿಯ ನಕಲು