ಆ ರಾತ್ರಿ ಸೊಮರ್ವಿಲ್‌ಗೆ ನಗುಮೊ ಸಿಕ್ಕಿದ್ದರೆ?

ಸಂಪಾದಕರೇ,

ಎರಡನೇ ಮಹಾಯುದ್ಧದ ಬಗ್ಗೆ ‘ಹೀಗಾಗಿದ್ದರೆ’ ಎಂಬ ಬರಹಗಳೆಲ್ಲ ಮಿಡ್‌ವೇ, ಪರ್ಲ್ ಹಾರ್ಬರ್ ಸುತ್ತಲೇ ಇರುತ್ತವೆ. ನಮ್ಮ ಪಕ್ಕದ ಸಮುದ್ರದ ಕಥೆ ಯಾಕೆ ಬೇಡ? ನೌಕಾಪಡೆಯಲ್ಲಿ ರೇಡಾರ್ ಮುಂದೆ ಕೂತು ಕೆಲಸ ಮಾಡಿದವನು ನಾನು. ಅದಕ್ಕೇ ಕೇಳುತ್ತಿದ್ದೇನೆ.

1942ರ ಏಪ್ರಿಲ್ 5ರಂದು ಜಪಾನಿನ ನೌಕಾ ಸೇನಾನಿ ನಗುಮೊನ ಐದು ವಿಮಾನವಾಹಕ ಹಡಗುಗಳಿಂದ ಕೊಲಂಬೊ ಮೇಲೆ ದಾಳಿ ಆಯಿತು. ಅದೇ ದಿನ ಬ್ರಿಟಿಷರ ಯುದ್ಧನೌಕೆಗಳಾದ ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಮುಳುಗಿದವು. ಬ್ರಿಟಿಷರ ಪೂರ್ವದ ನೌಕಾಪಡೆಯ ಮುಖ್ಯಸ್ಥ ಸೊಮರ್ವಿಲ್ ಜೊತೆಗಿದ್ದ ವಿಮಾನವಾಹಕಗಳು ಎರಡೇ. ಹಗಲಲ್ಲಿ ಎದುರು ನಿಲ್ಲುವ ಮಾತೇ ಇರಲಿಲ್ಲ. ಆದರೆ ಅವರ ಆಲ್ಬಕೋರ್ ವಿಮಾನಗಳಿಗೆ ರೇಡಾರ್ ಇತ್ತು, ಕತ್ತಲಲ್ಲಿ ಟಾರ್ಪೆಡೊ ಹಾಕುವ ಅಭ್ಯಾಸವೂ ಇತ್ತು. ನಗುಮೊನ ಹಡಗುಗಳಲ್ಲಿ ರೇಡಾರ್ ಇರಲಿಲ್ಲ.

ಆ ರಾತ್ರಿ ಹುಡುಕಿದರೂ ನಗುಮೊ ಸಿಗಲಿಲ್ಲ. ಸಿಕ್ಕಿ, ಎರಡು ವಿಮಾನವಾಹಕಗಳಿಗೆ ಪೆಟ್ಟು ಬಿದ್ದಿದ್ದರೂ ಸಾಕಿತ್ತು. ಆ ಐದರಲ್ಲಿ ಎರಡು ಮುಂದಿನ ತಿಂಗಳು ಅಮೆರಿಕದ ವಿರುದ್ಧ ಕಾದಲು ಕೋರಲ್ ಸಮುದ್ರಕ್ಕೆ, ಉಳಿದ ಮೂರು ಜೂನ್‌ನಲ್ಲಿ ಮಿಡ್‌ವೇಗೆ ಹೋದವು. ಲೆಕ್ಕವೇ ಬದಲಾಗುತ್ತಿತ್ತು ಅಲ್ವಾ?

ಆದರೆ ಹಗಲಲ್ಲಿ ಜಪಾನೀಯರೇ ಮೊದಲು ಸೊಮರ್ವಿಲ್‌ನನ್ನು ಕಂಡಿದ್ದರೆ? ಈ ಸಾಧ್ಯತೆಯೇ ಜಾಸ್ತಿ ಎಂದು ನನ್ನ ನಂಬಿಕೆ. ಆಗ ಬ್ರಿಟಿಷರ ಪೂರ್ವದ ನೌಕಾಪಡೆಯೇ ನಾಶವಾಗುತ್ತಿತ್ತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನೀಯರ ಬಾಂಬ್ ಬಿದ್ದಿದ್ದು ಎಷ್ಟು ಜನರಿಗೆ ಗೊತ್ತಿದೆ? ದಯವಿಟ್ಟು ನಕ್ಷೆ ಸಮೇತ ಇದರ ಬಗ್ಗೆ ಒಂದು ಲೇಖನ ಹಾಕಿ.

– ನಿವೃತ್ತ ನಾವಿಕ, ಕಾರವಾರ